ಇಲ್ಲ ಎಂದದ್ದರ ಲೆಕ್ಕ

ಸೊಲ್ಲಾಪುರ ರಸ್ತೆಯ ಬಸಗೊಂಡಪ್ಪ ಸಾವುಕಾರರ ಎಂಜಿನ್-ಪಂಪಿನ ಅಂಗಡಿಯಲ್ಲಿ ಪರಸವ್ವ ಲೆಕ್ಕ ಬರೆಯಲು ಕೂತದ್ದು ಎಪ್ಪತ್ನಾಲ್ಕರಲ್ಲಿ. ಮ್ಯಾಟ್ರಿಕ್ ಓದಿದ ಹೆಣ್ಣುಮಗಳು; ಅಕ್ಷರ ಮುತ್ತು, ಬಾಯಿ ಮೆಣಸಿನಕಾಯಿ. ತಿಕೋಟಾ, ಬಬಲೇಶ್ವರದಲ್ಲಿದ್ದ ಅವರದೇ ಇನ್ನೆರಡು ಅಂಗಡಿಗಳ ಪುಸ್ತಕಗಳೂ ವಾರಕ್ಕೊಮ್ಮೆ ತನ್ನ ಮೇಜಿಗೇ ಬರಬೇಕೆಂದು ಹಟ ಹಿಡಿದು ಗೆದ್ದಳು. ಅಲ್ಲಿಯವರೆಗೆ ಒಂದು ಅಂಗಡಿಯ ಸುದ್ದಿ ಇನ್ನೊಂದಕ್ಕೆ ಗೊತ್ತಿರಲಿಲ್ಲ. ಸಾವುಕಾರರು ತಾಯಿ ಮಕ್ಕಳಿಗೆ ರೊಟ್ಟಿ ಹಂಚಿದಂತೆ ಮೂರಕ್ಕೂ ಸಮನಾಗಿ ಮಾಲು ಹಂಚುತ್ತಿದ್ದರು; ಹೆಚ್ಚು ಕೇಳಿದವರಿಗೆ ಬೈಗುಳ ಸಿಗುತ್ತಿತ್ತು.

ದೀಪಾವಳಿ ಪಾಡ್ಯಕ್ಕೆ ಹೊಸ ಲೆಕ್ಕದ ಪುಸ್ತಕಗಳ ಪೂಜೆ. ಹಬ್ಬಕ್ಕೆ ಮೂರು ವಾರ ಇರುವಾಗ ಸಾವುಕಾರರು, "ಈ ಸಲ ಎರಡ ಪುಸ್ತಕ ತರಸು ಪರಸವ್ವ. ಬಬಲೇಶ್ವರದ್ದು ಬ್ಯಾಡ. ಲುಕ್ಸಾನ ಐತಿ," ಎಂದರು.

ಅಂದರೆ ಆ ಅಂಗಡಿಗೆ ಬೀಗ, ಹತ್ತು ವರ್ಷದಿಂದ ಅದನ್ನು ನೋಡಿಕೊಂಡಿದ್ದ ಸಾಬಣ್ಣ ಮನೆಗೆ. ತಾನು ಕೂಡಿಸಿದ ಲೆಕ್ಕವೇ ಅವನ ಅನ್ನಕ್ಕೆ ಕಲ್ಲು ಹಾಕಿತಲ್ಲ ಎಂದು ಪರಸವ್ವನಿಗೆ ಸಂಕಟವಾಯಿತು.

ಸಾಬಣ್ಣನ ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದಳು. ಯಾರೂ ತಿರುವದ ಕೊನೆಯ ಹಾಳೆಗಳಲ್ಲಿ ಬೇರೆಯೇ ಬರಹವಿತ್ತು: ಕಾಖಂಡಕಿಯ ಸಿದ್ದರಾಯ, ಎಂಜಿನ್ನಿನ ಪಟ್ಟಾ ಕೇಳಿದ, ಇಲ್ಲ ಅಂದೆ. ಇಂಥವು ನಲವತ್ತೊಂದು. ಗಿರಾಕಿಯನ್ನು ಬರಿಗೈಲಿ ಕಳಿಸಲು ಸಾಬಣ್ಣನಿಗೆ ನಾಚಿಕೆ, ಹೆಸರಾದರೂ ಬರೆದಿಟ್ಟುಕೊಳ್ಳುತ್ತಿದ್ದ. ಅತ್ತ ತಿಕೋಟಾದಲ್ಲಿ, ಎಂಜಿನ್ನಿಂದ ಪಂಪಿಗೆ ಬಿಗಿಯುವ ಇಂಥ ಐವತ್ತು ಪಟ್ಟಾ ವರ್ಷದಿಂದ ಕದಲಿರಲಿಲ್ಲ. ಅಲ್ಲಿಯ ತೋಟಗಳಿಗೆ ಕರೆಂಟು ಬಂದು ಎಣ್ಣೆ ಎಂಜಿನ್ನುಗಳು ಮೂಲೆ ಸೇರಿದ್ದವು. ಬಬಲೇಶ್ವರದ ಸುತ್ತಿನ ಕಾಖಂಡಕಿ ಕಡೆ ಇನ್ನೂ ಅವೇ ನೀರೆತ್ತುತ್ತಿದ್ದವು.

ಎರಡೂ ಪುಸ್ತಕ ಬಿಚ್ಚಿ ಸಾವುಕಾರರ ಮುಂದಿಟ್ಟಳು. "ಕೈಯಾಗ ಬೆಣ್ಣಿ ಹಿಡಕೊಂಡು ತುಪ್ಪಕ್ಕ ಊರೆಲ್ಲಾ ತಿರಗಾಕತ್ತೇವಿ ನೋಡ್ರಿ."

"ಮಾರಲಾರದ್ದನ್ನ ಬರದು ಶಾಯಿ ಯಾಕ ಹಾಳ ಮಾಡ್ಯಾನ ಅವ?"

"ಆ ಶಾಯೀನ ನಿಮ್ಮ ಬಂಡವಾಳ ಐತ್ರಿ. ಒಮ್ಮಿ ತಿಕೋಟಾದ ಪಟ್ಟಾ ಬಬಲೇಶ್ವರಕ್ಕ ಕಳಿಸಿ ನೋಡ್ರಿ."

ಗೊಣಗುತ್ತಲೇ ಕಳಿಸಿದರು. ಸಾಬಣ್ಣ ಆ ಹಾಳೆಗಳನ್ನು ಹಿಡಿದು ಒಬ್ಬೊಬ್ಬರಿಗೂ ಹೇಳಿಕಳಿಸಿದ; ಕೆಲವರು ಎರಡೆರಡು ಒಯ್ದರು. ಹದಿನೈದು ದಿನಕ್ಕೆ ಉಳಿದದ್ದು ಮೂರೇ ಪಟ್ಟಾ.

"ಮೂರೂ ಪುಸ್ತಕ ತರಸವಾ," ಎಂದರು ಸಾವುಕಾರರು.

"ತಂದೀನ್ರಿ. ಆದರ ಮೂರಲ್ಲ, ಆರು," ಎಂದು ಪರಸವ್ವ ಕಪಾಟು ತೆಗೆದಳು.

ಪಾಡ್ಯದ ದಿನ ಪೂಜೆಗೆ ಬಂದ ಸಾಬಣ್ಣನಿಗೆ ತನ್ನ ಅಂಗಡಿಗೆ ಬೀಗ ಬೀಳಲಿದ್ದ ಸಂಗತಿಯೇ ತಿಳಿದಿರಲಿಲ್ಲ. ಬಬಲೇಶ್ವರದ ಹೆಸರಿನಲ್ಲಿ ಎರಡು ಪುಸ್ತಕ ಕಂಡು, "ನನಗ ಎರಡ್ಯಾಕ ತಂಗಿ?" ಎಂದ.

"ಒಂದು ಮಾರಿದ್ದಕ್ಕ, ಒಂದು ಇಲ್ಲ ಅಂದಿದ್ದಕ್ಕ. ಇನ್ನ ಎಲ್ಲಾ ಅಂಗಡಿಗೂ ಹಂಗ." ಹೇಳುವಾಗ ಆ ಮೆಣಸಿನಕಾಯಿ ಬಾಯಿಯೂ ಖುಷಿಗೆ ತಡವರಿಸಿತು.

ಸಾವುಕಾರರು ಕುಂಕುಮದ ಬಟ್ಟಲು ಎತ್ತಿಕೊಂಡರು. ಮೊದಲ ಕುಂಕುಮವನ್ನು ಸಾಬಣ್ಣನ ಆ ಎರಡನೆಯ ಪುಸ್ತಕಕ್ಕೇ ಹಚ್ಚಿದರು.