ಚಿಕ್ಕೂ ಗಿಡದ ಕೆಳಗಿನ ನೆಲ

ಹಿತ್ತಲಿನ ಚಿಕ್ಕೂ ಗಿಡದ ಕೆಳಗೆ ಜಮಖಾನೆ ಹಾಸಿಕೊಂಡು ಊರಿನ ಐದು ಮಂದಿ ಹಿರಿಯರು ಕೂತಿದ್ದರು. ಅವರೆದುರು ಕಾಕಿಯ ಭಾವ, ಅಂದರೆ ತೀರಿಹೋದ ಅವಳ ಗಂಡನ ಅಣ್ಣ, ತೊಡೆಗೆ ಕೈಯೂರಿ ಕೂತಿದ್ದ. ಅವನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಡುಗೋಡೆಯ ಈಚೆ ನಾನು, ಪಕ್ಕದ ಮನೆಗೆ ಮದುವೆಯಾಗಿ ಬಂದು ಎರಡು ತಿಂಗಳಾದವಳು, ತಲೆತುಂಬ ಸೆರಗು ಹೊದ್ದು ಬಟ್ಟೆ ಒಣಹಾಕುವ ನೆವದಲ್ಲಿ ನೋಡುತ್ತಿದ್ದೆ. ಕಾಕಿ ಒಬ್ಬಳೇ ಬಿಸಿಲಲ್ಲಿದ್ದಳು. ಅವಳ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಗಾಯ ಇನ್ನೂ ಹಸಿಯಾಗಿತ್ತು, ಮೇಲೆ ಅರಿಶಿನ ಮೆತ್ತಿದ್ದಳು. ತಲೆಯಾಡಿಸಿದಾಗಲೆಲ್ಲ ಆ ಎರಡು ತುಣುಕು ಬೇರೆಬೇರೆಯಾಗಿ ಅಲುಗುತ್ತಿದ್ದವು.

ಹಿಂದಿನ ವಾರ ಇದೇ ಹಿತ್ತಲಿನ ಜಗಳದಲ್ಲಿ ನೆಗೆಣ್ಣಿ, ಅದೇ ಭಾವನ ಹೆಂಡತಿ, ಅವಳ ಬೆಂಡೋಲೆಗೆ ಕೈಹಾಕಿ ಜಗ್ಗಿದ್ದಳು. ಅದಕ್ಕೂ ಮೊದಲು ಕಾಕಿ ನೆಗೆಣ್ಣಿಯ ಮುಂಗೈಯನ್ನು ರಕ್ತ ಬರುವ ಹಾಗೆ ಕಚ್ಚಿದ್ದಳು ಎನ್ನುವುದನ್ನೂ ಹೇಳಬೇಕು. ಬರೀ ಹೊಡೆತ ತಿನ್ನುವ ಹೆಂಗಸಲ್ಲ ಅವಳು.

ಹಾರೂಗೇರಿ ಸಂತೆಗೆ ನಡೆದೇ ಹೋಗಿಬರುವಷ್ಟು ಹತ್ತಿರದ ಊರು ನಮ್ಮದು. ಮಕ್ಕಳಿಲ್ಲದ ಆ ವಿಧವೆಯನ್ನು ಊರೆಲ್ಲ ಕಾಕಿ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ. ಕಾಗವಾಡದ ಕಡೆಯ ತವರಿಗೆ ಅವಳನ್ನು ಸಾಗಹಾಕಬೇಕೆಂದು ಭಾವ ಹಟ ಹಿಡಿದಿದ್ದ. ಅವಳಿಗೆ ಇದ್ದದ್ದು ಆ ಹಿತ್ತಲೊಂದೇ. ಅಲ್ಲಿ ಗೆಣಸು ಬೆಳೆದು, ಏಕಾದಶಿ ಶಿವರಾತ್ರಿಗಳ ಮುಂದೆ ಸಂತೆಗೆ ಒಯ್ದು ಮಾರಿ ಅವಳು ಬದುಕುತ್ತಿದ್ದಳು. ಹಿತ್ತಲು ಹೋದರೆ ಊರು ಬಿಡಬೇಕಿತ್ತು.

ಹಿರಿಯರಲ್ಲಿ ದೊಡ್ಡ ರುಮಾಲಿನವರು ತೀರ್ಪು ಹೇಳಿದರು. "ಗಿಡಾ ಹಚ್ಚಿದಾಂವ ಅಣ್ಣ, ಗಿಡಾ ಅವಗ. ಹಿತ್ತಲಾ ತಮ್ಮನ ಪಾಲಿಗಿ ಬಂದೈತಿ, ನೆಲಾ ಈಕೀಗಿ. ಮ್ಯಾಲಿಂದ ಅವಂದು, ಕೆಳಗಿಂದ ಈಕೀದು. ಆತಿಲ್ಲೋ?"

ಎಲ್ಲರೂ ತಲೆದೂಗಿದರು. ಕಾಕಿ ಮಾತ್ರ ಕೇಳಿದಳು, "ಅಜ್ಜಾರ, ಗಿಡದ ಬೇರ ಎಲ್ಲಿರತಾವ್ರಿ? ಮ್ಯಾಲೋ, ಕೆಳಗೋ?"

ಹಿರಿಯರು ನಕ್ಕು ಚಹಾ ಕುಡಿದು ಎದ್ದು ಹೋದರು.

ಚಿಕ್ಕೂ ಗಿಡದ ಬೇರು ಆಳಕ್ಕಿಳಿಯುವುದಿಲ್ಲ, ಮೇಲುಮೇಲೇ ಹರಡುತ್ತದೆ. ನೆರಳು ವರ್ಷವಿಡೀ ದಟ್ಟ. ಗೆಣಸಿನ ಬಳ್ಳಿಗೋ ಬಿಸಿಲು ಬೇಕು, ಗಡ್ಡೆ ತೆಗೆಯುವಾಗ ಗುದ್ದಲಿ ಹಾಕಲೇಬೇಕು. ಅವಳು ಗುದ್ದಲಿ ಹಾಕಿದರೆ ಅವನ ಬೇರಿಗೆ ಪೆಟ್ಟು. ಅವನು ಹಣ್ಣು ಇಳಿಸಲು ಬಂದರೆ ಅವಳ ಬಳ್ಳಿ ತುಳಿತಕ್ಕೆ ಪುಡಿ. ತೀರ್ಪು ಕೊಟ್ಟವರ ಹೊಟ್ಟೆಯಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಜೋಳ, ಕಬ್ಬು ಬೆಳೆದವರು, ಹೆಂಗಸರ ಹಿತ್ತಲಿನ ಲೆಕ್ಕ ಅವರಿಗೆ ತಿಳಿಯದು.

ಮೊದಲ ಸಲ ಹಣ್ಣು ಇಳಿಸುವ ದಿನವೇ ರಕ್ತ ಬಿತ್ತು. ಭಾವ ಏಣಿ ಹಾಕಿ ಹತ್ತಿದ್ದ. ಏಣಿಯ ಕಾಲು ಬಳ್ಳಿಯ ಮೇಲಿತ್ತು.

"ಏಣಿ ತಗೀರಿ," ಎಂದಳು ಕಾಕಿ.

"ಗಾಳ್ಯಾಗ ನಿಂದರಸಲೇನ ಏಣಿ?" ಎಂದ ಅವನು ಮೇಲಿಂದ. "ಗಿಡಾ ಒಮ್ಮಿ ಹಚ್ಚಿದ್ರ ಮೂರ ತಲಿಮಾರ ತಿಂತಾವು. ನಿನ್ನ ಗೆಣಸಿಗಿ ವರ್ಷಾ ವರ್ಷಾ ಕುಂಡಿ ಎತ್ತಿ ಅಗೀಬೇಕು."

"ಮೂರ ತಲಿ ಬರೂಮಟಾ ಈ ಹೊಟ್ಟಿಗಿ ಏನ ಹಾಕ್ಲಿ? ನಾಕ ತಿಂಗಳಿಗಿ ಗೆಣಸ ಕೈಗಿ ಬರತೈತಿ. ನಿಮ್ಮ ಗಿಡಾ ನೆರಳ ಕೊಡತೀನಂತ ಹೇಳಿ ಬಿಸಲ ಕಸಗೊಳ್ಳಾಕತ್ತೈತಿ."

ಹೇಳಿದವಳೇ ಏಣಿಯನ್ನು ಒದ್ದಳು. ಅವನು ಕೊಂಬೆ ಮುರಿದುಕೊಂಡು ಬಿದ್ದ, ಹೆಗಲಿನ ಕೀಲು ತಪ್ಪಿತು. ಎದ್ದವನು ಇನ್ನೊಂದು ಕೈಯಿಂದ ಹಣ್ಣು ಕೀಳುವ ಬಿದಿರುಕೋಲು ಎತ್ತಿ ಅವಳ ಬೆನ್ನಿನ ಮೇಲೆ ಅದು ಸೀಳುವ ತನಕ ಬಾರಿಸಿದ. ಮರುದಿನ ಕಾಕಿ ಬೋರಲು ಮಲಗಿದ್ದಳು. ಮೂರನೆಯ ದಿನ ಮತ್ತೆ ಬಳ್ಳಿ ಹಚ್ಚುತ್ತಿದ್ದಳು, ದವಡೆಯಲ್ಲಿ ತಂಬಾಕು, ಸೊಂಟದಲ್ಲಿ ಕಳೆ ಕೀಳುವ ಕುರ್ಪಿ.

ಇನ್ನು ನನ್ನ ಪಾಲಿನದು. ನನ್ನ ಅತ್ತೆಯ ಕೈ ಬಲು ಜೋರು. ಒಮ್ಮೆ ಒಗ್ಗರಣೆ ಹೊತ್ತಿಸಿದ್ದಕ್ಕೆ ಸೌಟು ಕಾಸಿ ನನ್ನ ಮುಂಗೈಗೆ ಇಟ್ಟಿದ್ದಳು. ಕಲೆ ಇವತ್ತಿಗೂ ಇದೆ. ಪ್ರತಿ ಸೋಮವಾರ ಮನೆಯವರೆಲ್ಲರ ಬಟ್ಟೆಯನ್ನು ಹಂಡೆಯಲ್ಲಿ ಸೋಡಾ ಹಾಕಿ ಕುದಿಸಬೇಕಿತ್ತು. ಆ ನೀರನ್ನು ಬೀದಿಯ ಗಟಾರದ ತನಕ ಹೊತ್ತು ಚೆಲ್ಲಬೇಕಿತ್ತು. ನಾನು ಬಸುರಿಯಾದೆ, ಹಂಡೆ ಹೊರಲಾಗಲಿಲ್ಲ. ನಡುಗೋಡೆಯ ಬುಡದಲ್ಲೊಂದು ತೂತಿತ್ತು. ಕುದಿಯುವ ಸೋಡಾ ನೀರನ್ನು ವಾರ ವಾರ ಅದರೊಳಗೆ ಸುರಿದುಬಿಟ್ಟೆ. ಆಚೆ ಚಿಕ್ಕೂ ಗಿಡದ ಬೇರಿದೆ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಒಂದು ದಿನ ಗೋಡೆಯ ಮೇಲೆ ಕಾಕಿಯ ಮುಖ ಕಂಡಿತು.

"ಏನ ಬೇ, ನನ್ನ ಗೆಣಸ ನೆಲದಾಗನ ಕುದಿಸಿ ಕೊಡಾಕತ್ತಿ ಏನ? ಒಲಿ ಉರಿ ಉಳೀತಲ್ಲ ನಂದು."

ನಾನು ಅಳಲು ಶುರುಮಾಡಿದೆ. ಅವಳು ಗದರಿದಳು, "ಅಳಬ್ಯಾಡ, ನಿಮ್ಮತ್ತಿ ಕೇಳತಾಳ. ಇನ್ನ ಮ್ಯಾಲ ಹಂಡೆ ಇಲ್ಲೇ ಇಡು. ನಾ ಬಂದ ಹೊತ್ತ ಚೆಲ್ಲತೀನಿ." ಅಂದಿನಿಂದ ಪ್ರತಿ ಸೋಮವಾರ ಅತ್ತೆ ಗುಡಿಗೆ ಹೋದ ಹೊತ್ತು ನೋಡಿ ಬಂದು, ತಲೆಯ ಮೇಲೆ ಹೊತ್ತು ಚೆಲ್ಲಿ ಬರುತ್ತಿದ್ದಳು.

ಆದರೆ ಆಗಬೇಕಾದದ್ದು ಆಗಿಹೋಗಿತ್ತು. ಎರಡು ತಿಂಗಳಲ್ಲಿ ಗಿಡದ ನಮ್ಮ ಕಡೆಯ ಅರ್ಧ ಎಲೆ ಉದುರಿಸಿ ಒಣಗಿತು.

ಆ ಬೆಳಿಗ್ಗೆ ಭಾವ ಕೊಡಲಿ ಹಿಡಿದು ಬಂದ. ಕಾಕಿ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುತ್ತಿದ್ದಳು.

"ಗಿಡಕ್ಕ ಏನ ಹಾಕೀದಿ? ಹೇಳ."

"ನಿಮ್ಮ ಗಿಡಾ. ಗಿಡದ್ನ ಕೇಳ್ರಿ."

ಅವನು ಕೊಡಲಿ ತಿರುಗಿಸಿ, ಅದರ ಹಿಂಬದಿಯಿಂದ ಅವಳ ಟೊಂಕಕ್ಕೆ ಹೊಡೆದ. ಹಸಿ ಕಟ್ಟಿಗೆ ಮುರಿದಂಥ ಸಪ್ಪಳ ನನಗೆ ಗೋಡೆಯ ಈಚೆ ಕೇಳಿಸಿತು. ಬಿದ್ದಲ್ಲಿಂದಲೇ ಕಾಕಿ ಕುರ್ಪಿಯನ್ನು ಅವನ ಬಲಗೈಯ ಅಂಗೈಗೆ ಇಳಿಸಿದಳು. ಗೆಣಸಿನ ಎಲೆಗಳ ಮೇಲೆ ರಕ್ತ ತಟತಟ ಸುರಿಯಿತು. ಅವನು ಒದ್ದ. ಅವಳು ಅವನ ಕಾಲು ಹಿಡಿದು ಜಗ್ಗಿದಳು. ಅವನು ಮತ್ತೆ ಒದ್ದ, ಎದೆಗೆ, ಬಾಯಿಗೆ. ಜನ ಸೇರಿದರು. ನನಗೆ ಏಳು ತಿಂಗಳು. ನೀರು ಸುರಿದವಳು ನಾನೆಂದು ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿದೆ. ನನ್ನ ಹಿಂದೆಯೇ ಅತ್ತೆ ಬಂದು ನಿಂತಿದ್ದಳು.

ಕಾಕಿ ಒಮ್ಮೆ ನನ್ನ ಕಡೆ, ಒಮ್ಮೆ ಅತ್ತೆಯ ಕಡೆ ನೋಡಿದಳು. ಆಮೇಲೆ ರಕ್ತ ಉಗುಳಿ ಹೇಳಿದಳು, "ಹೌದು, ನಾನ ಹಾಕೀನಿ. ಸೋಡಾದ ನೀರು. ಇನ್ನೂ ಹಾಕಾಕಿ ಇದ್ನಿ."

ಹಿರಿಯರು ಮತ್ತೆ ಕೂತರು. ಅರ್ಧ ಗಿಡ ಕೊಂದಿದ್ದಕ್ಕೆ ಅರ್ಧ ನೆಲ ಭಾವನಿಗೆ ಎಂದರು. ಅವಳ ಪಾಲಿಗೆ ಉಳಿದದ್ದು ನೆರಳಿನ ಕಡೆಯ ಅರ್ಧ. ನಡುವೆ ಸಾಲಾಗಿ ಗಡಿಕಲ್ಲು ನೆಟ್ಟರು.

ಅಥಣಿ ಕಡೆಯಿಂದ ಬಂದ ಮೂಳೆ ಕಟ್ಟುವವನು ಅವಳ ಟೊಂಕಕ್ಕೆ ಪಟ್ಟಿ ಬಿಗಿದು ಹೋದ ಮೇಲೆ ನಾನು ಕದ್ದು ಹೋಗಿ ಅವಳ ಕಾಲ ಬಳಿ ಕೂತೆ. "ಕಾಕಿ, ನಂದ ತಪ್ಪಂತ ಹೇಳಿಬಿಡತೀನ್ರಿ."

"ಹೇಳಿ? ನಿಮ್ಮತ್ತಿ ನಿನಗ ಆರತಿ ಎತ್ತತಾಳೇನ? ನನ್ನ ಟೊಂಕಾ ಇಂದಲ್ಲ ನಾಳಿ ಕೂಡತೈತಿ. ನಿನ್ನ ಹೊಟ್ಟ್ಯಾಗಿಂದಕ್ಕ ಪೆಟ್ಟ ಬಿದ್ರ ಯಾ ವೈದ್ಯಾ ಕೂಡಸತಾನು?" ಎಂದಳು. ಪಟ್ಟಿ ಸರಿಮಾಡಿಕೊಳ್ಳುತ್ತ, "ಮತ್ತ ನಮ್ಮ ಭಾವಂದು ನಂದು ಹಳೇ ಜಗಳಾ. ಅದರಾಗ ನಿಂದೇನ ಕೆಲಸ?" ಎಂದು ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದಳು.

ನನಗೆ ಮಗಳು ಹುಟ್ಟಿದಳು, ಆರೋಗ್ಯವಾಗಿ.

ಟೊಂಕ ಕೂಡಲಿಲ್ಲ. ಕಾಕಿ ಕಾಲೆಳೆಯುತ್ತಲೇ ಹತ್ತು ಹನ್ನೆರಡು ವರ್ಷ ಆ ನೆರಳಿನ ನೆಲ ಅಗೆದಳು. ಗೆಣಸು ಬೆರಳಿನಷ್ಟು ಸಣ್ಣ ಬರುತ್ತಿತ್ತು. ಹೊಟ್ಟೆಗೆ ಸಾಲದೆ ಕೂಲಿಗೂ ಹೋದಳು, ಊರು ಮಾತ್ರ ಬಿಡಲಿಲ್ಲ. ಹೊಸ ಮನೆ ಕಟ್ಟಿಸಿದವರು ಹಿತ್ತಲಲ್ಲಿ ಏನು ಹಚ್ಚೋಣ ಎಂದು ಅವಳನ್ನೇ ಕೇಳಲು ಬರುತ್ತಿದ್ದರು. "ಮೊಮ್ಮಕ್ಕಳನ್ನ ನೋಡಾವರಿದ್ರ ಹಣ್ಣಿನ ಗಿಡಾ ಹಚ್ಚರಿ. ನಾಳಿ ಹಸಿವಿದ್ರ ಗೆಣಸ ಹಚ್ಚರಿ. ಎರಡೂ ಒಂದ ಜಾಗಾದಾಗ ಹಚ್ಚಬ್ಯಾಡ್ರಿ," ಎಂದು ಸೀಳಿದ ಕಿವಿ ತೋರಿಸುತ್ತಿದ್ದಳು. ಅವರು ಬಿದ್ದುಬಿದ್ದು ನಗುತ್ತಿದ್ದರು.

ನನ್ನ ಅತ್ತೆ ತೀರಿಕೊಂಡಳು. ಅನಂತರ ನನಗೆ ಹೆದರಲು ಯಾರೂ ಇರಲಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ವರ್ಷಗಳು ಹೋದವು. ಇದಕ್ಕೆ ನನ್ನಲ್ಲಿ ಸಬೂಬಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಜ್ವರ ಬಂದು ಕಾಕಿ ಐದೇ ದಿನದಲ್ಲಿ ಹೋದಳು. ಮಣ್ಣು ಮಾಡಿದ್ದು ಅದೇ ಭಾವ. ಮೂರನೆಯ ದಿನ ನಾನು ಅವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ: ಹಂಡೆ, ಸೋಡಾ, ಗೋಡೆಯ ತೂತು.

ಅವನು ಕೇಳಿದ, "ಆಕೀಗಿ ಗೊತ್ತಿತ್ತೇನ?"

"ಗೊತ್ತಿತ್ತ್ರಿ ಕಾಕಾ."

ಮುದುಕ ನನ್ನ ಮೇಲೆ ಕೈ ಎತ್ತಿದ. ಅವನ ಹೆಂಡತಿ ಆ ಕೈ ಹಿಡಿದಳು. ಅವನು ಕೊಡವಿಕೊಂಡು ಹಿತ್ತಲಿಗೆ ಹೋದ. ಆ ನೆಲವೆಲ್ಲ ಈಗ ಅವನದೇ, ಗಡಿಕಲ್ಲುಗಳಿಂದ ಇನ್ನೇನೂ ಆಗಬೇಕಿರಲಿಲ್ಲ. ಆದರೂ ಒಂದೊಂದನ್ನೇ ಕಿತ್ತು ನಮ್ಮ ಗೋಡೆಗೆ ಬೀಸಿ ಒಗೆಯತೊಡಗಿದ. ಮಧ್ಯಾಹ್ನದ ತನಕ ಒಗೆದ. ನಾನು ಮನೆಗೆ ಮರಳಿದ್ದೆ, ಅವನನ್ನು ಕೇಳಲು ನನ್ನ ಗಂಡ ಹೊರಗೆ ಹೊರಟಾಗ ಬೇಡವೆಂದು ತಡೆದೆ. ಕೊನೆಯ ಕಲ್ಲು ಬೀಳುವವರೆಗೆ ನಾವು ಒಳಗೇ ನಿಂತಿದ್ದೆವು.