ನಲವತ್ತು ಸೀಸೆಯ ಗಂಜಿ

ಗೂ ಬೊಕ್ಸುನ್ ಸತ್ತ ಮೇಲೆ ಗುಮ್ಸಾನ್ ಊರಿನ ಜನ ಅವಳನ್ನು ಸಾಧ್ವಿ ಮಾಡಿಬಿಟ್ಟಿದ್ದಾರೆ. ಸಾವಿನ ಮನೆಯಲ್ಲಿ ಮೂರು ದಿನ ಸೊಜು ಸಾರಾಯಿ ಕುಡಿಯುತ್ತ ಕೂತವರ ಪ್ರಕಾರ ಅವಳು ಒಂದು ಸುಳ್ಳೂ ಹೇಳಿದವಳಲ್ಲ, ಒಬ್ಬರ ಮನಸ್ಸನ್ನೂ ನೋಯಿಸಿದವಳಲ್ಲ. ಕೇಳಿಸಿಕೊಂಡಿದ್ದರೆ ಅವಳೇ ಎದ್ದು ಕೂತು ನಗುತ್ತಿದ್ದಳು. ಆ ನಗು ಇನ್ನು ಕೇಳಿಸುವುದಿಲ್ಲ. ಆದ್ದರಿಂದ ಅವಳ ಮೋಸವನ್ನಾದರೂ ಸರಿಯಾಗಿ ಬರೆದಿಡಬೇಕು.

ನಲವತ್ತೊಂದು ವರ್ಷ ಅವಳು ಸಗಟು ಮಂಡಿಯಲ್ಲಿ ಕೂತು ಜಿನ್ಸೆಂಗ್ ಎಂಬ ಔಷಧಿ ಬೇರು ವಿಂಗಡಿಸಿದಳು. ನಾಲ್ಕು ವರ್ಷದ ಬೇರು ಯಾವುದು, ಆರು ವರ್ಷದ್ದು ಯಾವುದು ಎಂದು ಕಣ್ಣು ಮುಚ್ಚಿ ಮೂಸಿ ಹೇಳುತ್ತಿದ್ದಳು. ಆ ಮೂಗಿಗೆ ಪದವಿ ಇರಲಿಲ್ಲವಾದ್ದರಿಂದ ಊರಿನ ಜಿನ್ಸೆಂಗ್ ಸಂಶೋಧನಾ ಕೇಂದ್ರದವರ ಗಮನಕ್ಕೆ ಅದು ಬಂದಿರಲಿಲ್ಲ.

ಜಿನ್ಸೆಂಗಿನ ಸತ್ವ ಮುದುಕರ ದಣಿವು ಕಳೆಯುತ್ತದೆಯೇ ಎಂದು ಪರೀಕ್ಷಿಸಲು ಕೇಂದ್ರದ ಟಾಕ್ ಎಂಬ ಯುವ ಡಾಕ್ಟರು ಒಂದು ಬೆಳಿಗ್ಗೆ ಊರಿನ ಮುದುಕರು ಹಗಲು ಸೇರುವ ಹಿರಿಯರ ಮನೆಗೆ ಒಬ್ಬೊಬ್ಬರ ಹೆಸರು ಬರೆದ ನಲವತ್ತು ಸೀಸೆ ಮಾತ್ರೆ ತಂದರು.

"ಇಪ್ಪತ್ತು ಜನಕ್ಕೆ ನಿಜವಾದ ಸತ್ವ, ಇಪ್ಪತ್ತು ಜನಕ್ಕೆ ಬರೀ ಹಿಟ್ಟು. ಯಾರಿಗೆ ಯಾವ್ದು ಅಂತ ನನಗೂ ಗೊತ್ತಿಲ್ಲ ಅಜ್ಜಿ. ಕಂಪ್ಯೂಟರಿಗೆ ಮಾತ್ರ ಗೊತ್ತು."

ಅವರ ಕಾರು ತಿರುವು ದಾಟುವಷ್ಟರಲ್ಲಿ ಬೊಕ್ಸುನ್ ನಲವತ್ತೂ ಸೀಸೆಗಳ ಮುಚ್ಚಳ ತೆಗೆದು, ಮೂಸಿ, ಎರಡು ಸಾಲು ಮಾಡಿದ್ದಳು.

"ಮಾಲ್ಜಾ, ನಿಂದು ಜೋಳದ ಹಿಟ್ಟು ಕಣೇ."

ಗೆಳತಿ ಮಾಲ್ಜಾ ಚಳಿಗಾಲದಲ್ಲಿ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವಳು. ಹಿರಿಯರ ಮನೆಯ ಹನ್ನೆರಡು ಮೆಟ್ಟಿಲು ಹತ್ತಲು ಮೂರು ಸಲ ಕೂರುತ್ತಿದ್ದಳು.

"ಅರ್ಧ ಹೊಟ್ಟೆ ಕುಯ್ಸ್ಕೊಂಡೋಳಿಗೆ ಹಿಟ್ಟು! ದಿನಾ ಬೆಟ್ಟ ಹತ್ತೋ ಆ ಗೂಳಿಯಂಥ ಗಂಡಸಿಗೆ ಸತ್ವ! ಎಂಥ ವಿಜ್ಞಾನ ಇದು ಅಕ್ಕ?"

"ನಂದು ಸತ್ವದ್ದು, ತಗೋ," ಎಂದಳು ಬೊಕ್ಸುನ್.

"ನಿನ್ ಭಿಕ್ಷೆ ಯಾರಿಗ್ ಬೇಕು?" ಎಂದು ಮಾಲ್ಜಾ ಅತ್ತಳು.

ಮರುದಿನದಿಂದ ಬೊಕ್ಸುನ್ ಎಲ್ಲರ ಮಾತ್ರೆಗಳನ್ನೂ ಒಡೆದು ಒಂದೇ ದೊಡ್ಡ ಪಾತ್ರೆಯ ಗಂಜಿಗೆ ಸುರಿದು ಸಮನಾಗಿ ಬಡಿಸತೊಡಗಿದಳು. ಹಿಟ್ಟಿನವರು ತಕ್ಷಣ ಒಪ್ಪಿದರು. ಸತ್ವದವರಿಗೆ ಒಪ್ಪದೆ ವಿಧಿಯಿರಲಿಲ್ಲ. ನೆರೆಯವರು ನೋಡುತ್ತಿರುವಾಗ ಒಬ್ಬನೇ ಔಷಧಿ ನುಂಗುವ ಧೈರ್ಯ ಗುಮ್ಸಾನಿನಲ್ಲಿ ಯಾರಿಗಿದೆ?

ಎರಡು ತಿಂಗಳಲ್ಲಿ ಮಾಲ್ಜಾ ಮೆಟ್ಟಿಲಲ್ಲಿ ಒಂದೇ ಸಲ ಕೂರತೊಡಗಿದಳು. ಅದೇ ವಾರ ಟಾಕ್ ಡಾಕ್ಟರು ಮತ್ತೆ ಬಂದರು. ಬಾಗಿಲಲ್ಲಿ ಬೂಟು ಬಿಚ್ಚಿದಾಗ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು.

"ಪರೀಕ್ಷೆಗೆ ತಗೊಂಡ ಎಲ್ಲರ ರಕ್ತದಲ್ಲೂ ಸತ್ವ ಒಂದೇ ಸಮ ಇದೆ. ಸೀಸೆಗಳ ಜವಾಬ್ದಾರಿ ನಂದು. ನಾನೇ ಬೆರಕೆ ಮಾಡಿದೀನಿ ಅಂತಿದ್ದಾರೆ ಕೇಂದ್ರದವರು. ಸೋಮವಾರದಿಂದ ನನಗೆ ಕೆಲಸ ಇಲ್ಲ. ನಿಮಗೇನೂ ತೊಂದರೆ ಆಗಲ್ಲ, ಬೇರೆಯವರು ಬರ್ತಾರೆ. ಮಾತ್ರೆ ಇನ್ನೂ ಆರು ತಿಂಗಳು ಸಿಗುತ್ತೆ."

ಮಾಲ್ಜಾ ಬೊಕ್ಸುನ್‌ಳ ತೊಡೆ ಚಿವುಟಿದಳು. "ಬಾಯ್ಮುಚ್ಕೊಂಡಿರಕ್ಕ."

ಆರು ತಿಂಗಳಲ್ಲಿ ಮಾಲ್ಜಾ ಮೆಟ್ಟಿಲುಗಳನ್ನು ಓಡುತ್ತಲೇ ಹತ್ತಿಯಾಳು ಎಂದು ಬೊಕ್ಸುನ್‌ಗೆ ಅನಿಸಿತು. ಚಿವುಟಿದ ಕೈಯನ್ನು ಹಿಡಿದುಕೊಂಡೇ ಹೇಳಿದಳು: "ಡಾಕ್ಟ್ರಪ್ಪ, ಬೆರಕೆ ಮಾಡ್ದೋಳು ನಾನು. ಗಂಜಿ ಪಾತ್ರೇಲಿ."

ಡಾಕ್ಟರ ಕೆಲಸ ಉಳಿಯಿತು. ಪರೀಕ್ಷೆ ರದ್ದಾಯಿತು. ಸಂಶೋಧನೆ ಮುಗಿಯುವ ಮೊದಲೇ ಅದರ ಫಲಿತಾಂಶವನ್ನು ಬ್ಯಾನರಿನಲ್ಲಿ ಬರೆಸಿಟ್ಟಿದ್ದ ಕೇಂದ್ರದ ನಿರ್ದೇಶಕರು ತಾವೇ ಬಂದು ಸೀಸೆಗಳನ್ನು ವಾಪಸು ಕಾರಿಗೆ ತುಂಬಿಸಿದರು.

"ಮೂರು ವರ್ಷದ ಸಂಶೋಧನೇನ ಗಂಜಿ ಮಾಡ್ಕೊಂಡು ಕುಡಿದ್ರಲ್ಲಮ್ಮ!"

"ರುಚಿನೂ ಇರ್ಲಿಲ್ಲ ಸಾರ್," ಎಂದಳು ಬೊಕ್ಸುನ್.

ಎಲ್ಲರೂ ನಕ್ಕರು, ಮಾಲ್ಜಾ ನಗಲಿಲ್ಲ. "ಯಾರೋ ಹುಡುಗನ ಸಂಬಳಕ್ಕೆ ನನ್ನ ಮಾರಿದೆ," ಎಂದು ಎದ್ದು ಹೋದವಳು ಹನ್ನೊಂದು ದಿನ ಮಾತು ಬಿಟ್ಟಳು. ಬೊಕ್ಸುನ್ ಆ ಹನ್ನೊಂದು ದಿನವೂ ಅವಳ ಮನೆಯ ಮುಂದೆ ಹಾದುಹೋದಳು. ಒಳಗೆ ಹೋಗುವ ಧೈರ್ಯವಾಗಲಿಲ್ಲ. ಸಾಧ್ವಿಯರಿಗೆ ಇಂಥ ಹೆದರಿಕೆ ಇರುತ್ತದೋ ಇಲ್ಲವೋ ತಿಳಿಯದು.

ಹನ್ನೆರಡನೆಯ ಬೆಳಿಗ್ಗೆ ದಿಬ್ಬದ ಮೇಲಿನ ಬೊಕ್ಸುನ್‌ಳ ಅಂಗಳದಲ್ಲಿ ಮಾಲ್ಜಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನಿಂಗೆ ಬಯ್ಯೋದಕ್ಕೆ ಬಂದೆ!"

"ಎಲ್ಲೆಲ್ಲಿ ಕೂತ್ಕೊಂಡೆ ದಾರೀಲಿ?"

ಮಾಲ್ಜಾ ತಿರುಗಿ ದಿಬ್ಬವನ್ನು ನೋಡಿದಳು.

"ಎಲ್ಲೂ ಇಲ್ಲ. ಸಿಟ್ಟಲ್ಲಿ ಹತ್ತಿಬಿಟ್ಟೆ."

"ಡಾಕ್ಟ್ರಿಗೆ ಹೇಳ್ಬೇಡ ಮಾರಾಯ್ತಿ," ಎಂದಳು ಬೊಕ್ಸುನ್, "ಸಿಟ್ಟನ್ನೂ ಮಾತ್ರೆ ಮಾಡಿ ಮಾರ್ತಾರೆ. ಬಾ ಒಳಗೆ, ಕೂತು ಬಯ್ಯುವಿಯಂತೆ."