ಸಿ ಸೆಕ್ಷನ್ನಿನ ಅಕ್ಕ

ಅವಳಿ ಹೆಣ್ಣುಮಕ್ಕಳು. ಮೊದಲು ಹುಟ್ಟಿದವಳು ಒಂದು ಗಳಿಗೆಗಷ್ಟೇ ದೊಡ್ಡವಳು. ಆ ಹಿರಿತನಕ್ಕೇ ಮನೆಯಲ್ಲೂ ಬೀದಿಯಲ್ಲೂ ಅವಳಿಗೆ ‘ಅಕ್ಕ’ ಎಂಬ ಹೆಸರು ನಿಂತುಬಿಟ್ಟಿತು. ಬೆನ್ನಿಗೇ ಬಂದವಳು ‘ಪುಟ್ಟಿ’. ಇಬ್ಬರ ಮುಖವೂ ಒಂದೇ ಅಚ್ಚು. ಒಬ್ಬಳು ತರಲೆ ಮಾಡಿದರೆ, ಯಾರೆಂದು ಪತ್ತೆ ಮಾಡುವ ತಲೆನೋವು ಯಾಕೆಂದು ಮೇಷ್ಟ್ರು ಇಬ್ಬರ ಕಿವಿಯನ್ನೂ ಹಿಂಡುತ್ತಿದ್ದರು. ಲೆಕ್ಕದಲ್ಲಿ ಇಬ್ಬರೂ ಚುರುಕು. ಅಕ್ಕ ಒಂದು ಕೈ ಮೇಲೆಯೇ.

ಐದನೇ ತರಗತಿಯಲ್ಲಿ ಶಾಲೆಯವರು ಒಂದು ಪರೀಕ್ಷೆ ಕೊಟ್ಟು, ಬುದ್ಧಿವಂತರಿಗೆ ಎ, ಸುಮಾರಾದವರಿಗೆ ಬಿ, ದಡ್ಡರಿಗೆ ಸಿ ಎಂದು ಮಕ್ಕಳನ್ನು ಬೇರೆ ಮಾಡಿದರು. ಪರೀಕ್ಷೆಯ ದಿನ ಅಕ್ಕನಿಗೆ ಮಂಗನಬಾವು. ಕೆನ್ನೆ ಬನ್ನಿನಂತೆ ಊದಿತ್ತು. ಜ್ವರಕ್ಕೆ ಅಕ್ಷರಗಳೆಲ್ಲ ಕಣ್ಣೆದುರು ಕುಣಿಯುತ್ತಿದ್ದವು. ಅರ್ಧ ಬರೆದು ಬೆಂಚಿನ ಮೇಲೆ ತಲೆಯಿಟ್ಟುಬಿಟ್ಟಳು. ಪುಟ್ಟಿ ಎ ಸೆಕ್ಷನ್ನಿಗೆ ಹೋದಳು, ಅಕ್ಕ ಸಿ ಸೆಕ್ಷನ್ನಿಗೆ.

ಇಸ್ತ್ರಿ ಅಂಗಡಿ ನಡೆಸುತ್ತಿದ್ದ ತಾಯಿ ಕೆಲಸ ಬಿಟ್ಟು ಶಾಲೆಗೆ ಓಡಿದಳು.

“ಅವತ್ತು ಮಗೂಗೆ ಜ್ವರ ಇತ್ತು ಸಾರ್. ಒಂದೇ ಹೊಟ್ಟೇಲಿ ಇದ್ದೋರು, ಒಂದೇ ಕ್ಲಾಸಲ್ಲಿ ಇರಲಿ.”

“ಬುದ್ಧಿವಂತರ ಪಕ್ಕ ಕೂರಿಸಿದ್ರೆ ಅವಳಿಗೇ ಕಷ್ಟ ತಾಯಿ. ಮಕ್ಕಳು ಅವರವರ ವೇಗಕ್ಕೆ ಕಲೀಲಿ. ಮುಂದಿನ ವರ್ಷ ಚೆನ್ನಾಗಿ ಬರೆದರೆ ಮೇಲಕ್ಕೆ ಹಾಕೋಣ,” ಎಂದರು ಹೆಡ್‌ಮಾಸ್ಟರು. ಒಳ್ಳೆಯ ಮನುಷ್ಯ, ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಸಿ ಸೆಕ್ಷನ್ನು ಸೈಕಲ್ ಸ್ಟ್ಯಾಂಡಿನ ಪಕ್ಕದ ಶೀಟಿನ ಕೊಠಡಿ. ಅಲ್ಲಿ ಮೇಷ್ಟ್ರು ಕಷ್ಟದ ಪಾಠಗಳನ್ನೆಲ್ಲ ಹಾರಿಸಿಬಿಡುತ್ತಿದ್ದರು. ಭಿನ್ನರಾಶಿ ಹೇಳಿಕೊಡಿ ಎಂದು ಅಕ್ಕ ಒಮ್ಮೆ ಎದ್ದು ನಿಂತಳು. “ಅದು ಎ ಸೆಕ್ಷನ್ನೋರಿಗೆ. ನಿನಗೆ ತಲೆಗೆ ಹತ್ತಲ್ಲ, ಕೂತ್ಕೋ,” ಎಂದರು. ಇಡೀ ತರಗತಿ ನಕ್ಕಿತು. ಮನೆಯಲ್ಲಿ ಪುಟ್ಟಿ ಹೇಳಿಕೊಡಲು ಕೂರುತ್ತಿದ್ದಳು. ಆದರೆ ಅವಳಿಗೇ ಬೆಟ್ಟದಷ್ಟು ಓದು, ಜೊತೆಗೆ ಹೊಸ ಗೆಳತಿಯರು. ಕ್ರಮೇಣ ಅಕ್ಕನೇ ಕೇಳುವುದನ್ನು ಬಿಟ್ಟಳು. ಮುಂದಿನ ವರ್ಷದ ಪರೀಕ್ಷೆಯಲ್ಲಿ ಹಾರಿಸಿದ ಪಾಠಗಳ ಮೇಲೇ ಪ್ರಶ್ನೆಗಳು ಬಂದವು. ಈ ಸಲ ಅವಳಿಗೆ ಜ್ವರವಿರಲಿಲ್ಲ. ಆದರೂ ಸಿ ಸೆಕ್ಷನ್ನೇ ಗಟ್ಟಿಯಾಯಿತು. ಹತ್ತನೇ ತರಗತಿಯಲ್ಲಿ ಅವಳು ಫೇಲಾದದ್ದು ಲೆಕ್ಕದಲ್ಲಿ.

ಪುಟ್ಟಿ ಡಾಕ್ಟರಾಗಿ ದೂರದ ಊರಿನ ಆಸ್ಪತ್ರೆ ಸೇರಿ, ಮದುವೆಯಾಗಿ ಅಲ್ಲೇ ನೆಲೆಸಿದಳು. ಅಕ್ಕ ಹೊಲಿಗೆ ಕಲಿತು ಇಸ್ತ್ರಿ ಅಂಗಡಿಯ ಮೂಲೆಯಲ್ಲೇ ಮಿಷನ್ ಹಾಕಿಕೊಂಡಳು. ಮದುವೆಯ ಮಾತು ಒಂದೆರಡು ಸಲ ಕೂಡಿಬಂದು ತಪ್ಪಿತು. “ನಿನಗೆ ಹುಡುಗ ಒಪ್ಪಿಗೇನಾ?” ಎಂದು ತಾಯಿ ಕೇಳಿದರೆ, “ಪುಟ್ಟೀನ ಕೇಳಮ್ಮ,” ಎನ್ನುತ್ತಿದ್ದಳು. ತಾಯಿ ನಗುತ್ತಿದ್ದಳು. ಅದು ತಮಾಷೆಯಲ್ಲವೆಂದು ತಿಳಿಯಲು ತಾಯಿಗೆ ಬಹಳ ಕಾಲ ಹಿಡಿಯಿತು.

ವಯಸ್ಸಾದ ಮೇಲೆ ತಾಯಿಯ ಕಾಲು ಬಾತುಕೊಳ್ಳತೊಡಗಿತು. ಅಕ್ಕ ಫೋನಿನಲ್ಲಿ ಹೇಳಿದಳು.

ಪುಟ್ಟಿ ಆಸ್ಪತ್ರೆಯ ಗಡಿಬಿಡಿಯಲ್ಲಿದ್ದಳು. “ಅಮ್ಮ ಇಡೀ ದಿನ ನಿಂತು ಇಸ್ತ್ರಿ ಮಾಡ್ತಾಳಲ್ಲ, ಅದಕ್ಕೇ. ರಾತ್ರಿ ಕಾಲು ಎತ್ತರಕ್ಕಿಟ್ಟು ಮಲಗೋಕೆ ಹೇಳು.”

ತಾಯಿಗೆ ಮಲಗಲೇ ಆಗುತ್ತಿರಲಿಲ್ಲ. ಅಂಗಾತ ಒರಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ಕೂತೇ ತೂಕಡಿಸುತ್ತಿದ್ದಳು. ಇದನ್ನು ಹೇಳಲೆಂದು ಅಕ್ಕ ಎಷ್ಟೋ ಸಲ ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. ಡಾಕ್ಟರಿಗೆ ತಿಳಿಯದ್ದು ನನಗೇನು ತಿಳಿಯುತ್ತದೆ ಎಂಬ ಅಳುಕು.

ತಾಯಿ ಹಾಗೆ ಕೂತಲ್ಲೇ ಹೋದಳು. ಹೃದಯ ಸೋತಿತ್ತಂತೆ.

ಕಾರ್ಯವೆಲ್ಲ ಮುಗಿದು, ನೆಂಟರು ಹೋದ ಮೇಲೆ ಅಕ್ಕ ಮಾತಿನ ನಡುವೆ ಗೋಡೆಯ ಸಂಗತಿ ಹೇಳಿದಳು. ಪುಟ್ಟಿಯ ಮುಖ ಬಿಳಿಚಿಕೊಂಡಿತು.

“ಕೂತೇ ಮಲಗ್ತಿದ್ಳಾ? ಅದೊಂದು ಮಾತು ಹೇಳಿದ್ರೆ ಆವತ್ತೇ ಓಡಿ ಬರ್ತಿದ್ದೆನಲ್ಲೇ! ಯಾಕೆ ಬಾಯಿ ಬಿಡಲಿಲ್ಲ?”

ಅಕ್ಕ ಸೆರಗಿನ ಅಂಚು ನೋಡುತ್ತಾ ಕೂತಿದ್ದಳು. “ನಾನು ಸಿ ಸೆಕ್ಷನ್ನೋಳು ಪುಟ್ಟಿ. ನಂಗನ್ನಿಸಿದ್ದು ಸರಿ ಇರಬಹುದು ಅಂತ ನಂಗೇ ನಂಬಿಕೆ ಬರಲ್ಲ.”

ಪುಟ್ಟಿ ಅವಳ ಪಕ್ಕಕ್ಕೆ ಬಂದು ಕೂತಳು. ಆಮೇಲೆ, “ನೀನು ಹೇಳಿದಾಗ ನಾನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ,” ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳಲಿಲ್ಲ; ಆ ರೂಢಿ ಎಂದೋ ತಪ್ಪಿಹೋಗಿತ್ತು.

ಈಗ ಪುಟ್ಟಿ ಪ್ರತಿ ಭಾನುವಾರ ಫೋನು ಮಾಡುತ್ತಾಳೆ. ಮಗನನ್ನು ಯಾವ ಶಾಲೆಗೆ ಹಾಕಲಿ, ಮನೆಗೆ ಯಾವ ಬಣ್ಣ ಬಳಿಸಲಿ ಎಂದು ಸಣ್ಣಪುಟ್ಟದ್ದನ್ನೂ ಬೇಕೆಂದೇ ಕೇಳುತ್ತಾಳೆ. “ನೀನೇ ಹೇಳಕ್ಕ, ನಿಂಗೇನನ್ಸುತ್ತೆ?” ಅಕ್ಕನ ತುಟಿಯ ತನಕ ಏನೋ ಬಂದಂತಿರುತ್ತದೆ. “ನೀನು ಹೇಗೆ ಮಾಡಿದ್ರೂ ಸರೀನೇ ಇರುತ್ತೆ ಬಿಡು,” ಎಂದು, ಹೊಲಿಯುವ ಬಟ್ಟೆ ಬಾಕಿಯಿದೆಯೆಂದು ಫೋನು ಇಡುತ್ತಾಳೆ.